ಅಪ್‌ಡೇಟ್: ನಮ್ಮ ರೈಸ್ ಮಿಲ್ ಲೆಕ್ಕ ಕ್ಲೌಡ್‌ಗೆ ಹೋಯ್ತು

ಗಂಗಾವತಿಯ ನಮ್ಮ ಮಿಲ್ಲಿನ ಲೆಕ್ಕ ಆಫೀಸಿನ ಹಳೇ ಸರ್ವರ್‌ನಲ್ಲೇ ಇರಲಾ, ಕ್ಲೌಡ್‌ಗೆ ಹಾಕಲಾ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಕ್ಲೌಡ್‌ಗೇ ಹೋದೆವು. ಅಮೆಜಾನ್ ಆರ್‌ಡಿಎಸ್ (ಅಮೆಜಾನ್ ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವ ಡೇಟಾಬೇಸ್), ಮುಂಬೈ ರೀಜನ್, ಅಂದರೆ ಸರ್ವರ್ ಇರುವುದು ಮುಂಬೈಯಲ್ಲಿ. ಕಂಪನಿಗಳ ಲೆಕ್ಕದ ಬ್ಯಾಕಪ್ ದಿನಾ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು ಅನ್ನೋ ನಿಯಮ ಇದೆಯಲ್ಲ, ಅದಕ್ಕೇ ಮುಂಬೈ.

ನನಗಿದ್ದ ದೊಡ್ಡ ಚಿಂತೆ ವೇಬ್ರಿಡ್ಜ್‌ದು, ಅಂದರೆ ಲಾರಿ ತೂಗುವ ಕಾಟಾದ್ದು. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲಾಗಿ ನಿಂತಾಗ ನೆಟ್ ಹೋದರೆ? ಇಲ್ಲಿ ಒಬ್ಬ ಅಣ್ಣ ಹೇಳಿದ ಹಾಗೇ ಮಾಡಿಸಿದೆವು. ತೂಕದ ಚೀಟಿ ಮೊದಲು ಅಲ್ಲಿನ ಕಂಪ್ಯೂಟರ್‌ನಲ್ಲೇ ಸೇವ್ ಆಗುತ್ತದೆ, ನೆಟ್ ಬಂದ ಮೇಲೆ ಕ್ಲೌಡ್‌ಗೆ ಹೋಗುತ್ತದೆ. ಪ್ರತಿ ಚೀಟಿಗೂ ಬೇರೆ ನಂಬರ್ ಇರುವುದರಿಂದ ಒಂದೇ ತೂಕ ಎರಡು ಸಲ ಏರುವುದಿಲ್ಲ. ಮೊನ್ನೆ ಮಳೆಗೆ ಲೈನ್ ಹೋಗಿತ್ತು, ಒಂದು ಲಾರಿಯೂ ಕಾಯಲಿಲ್ಲ. ಎಷ್ಟು ಸಮಾಧಾನ ಆಯ್ತು ಗೊತ್ತಾ!

ಆಟೊಮ್ಯಾಟಿಕ್ ಬ್ಯಾಕಪ್ ಜಾಸ್ತಿ ಅಂದರೆ 35 ದಿನ ಇಡಬಹುದು, ಅಷ್ಟೂ ಇಟ್ಟಿದ್ದೇವೆ. ಸುಮ್ನೆ ನಂಬಬೇಡಿ, ರೀಸ್ಟೋರ್ (ಬ್ಯಾಕಪ್‌ನಿಂದ ಲೆಕ್ಕ ವಾಪಸ್ ತರೋದು) ಮಾಡಿ ನೋಡಿ ಅಂದಿದ್ದಿರಿ. ತುಂಬಾ ಒಳ್ಳೇ ಮಾತು. ರೀಸ್ಟೋರ್ ಮಾಡಿದರೆ ಹಳೇದರ ಮೇಲೆ ಕೂರುವುದಿಲ್ಲ, ಹೊಸ ಡೇಟಾಬೇಸ್ ಹೊಸ ವಿಳಾಸದಲ್ಲಿ ಏಳುತ್ತದೆ. ಆ ವಿಳಾಸ ಸಾಫ್ಟ್‌ವೇರ್‌ನಲ್ಲಿ ಎಲ್ಲಿ ಬದಲಿಸಬೇಕು ಅಂತ ಬರೆದು ಆಫೀಸಿನ ಗೋಡೆಗೆ ಅಂಟಿಸಿದ್ದೇವೆ.

ನಮ್ಮದು ಪ್ರೈವೇಟ್ ಲಿಮಿಟೆಡ್. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ಗೆ ಆಡಿಟ್ ಟ್ರೇಲ್ (ಲೆಕ್ಕದಲ್ಲಿ ಮಾಡಿದ ಪ್ರತಿ ಬದಲಾವಣೆಯ ದಾಖಲೆ) ಕಡ್ಡಾಯ ಅಲ್ವಾ, ಡೇಟಾಬೇಸ್‌ನಲ್ಲೂ ಅದನ್ನು ಆನ್ ಮಾಡಿಸಿ ಅಂದಿದ್ದಾರೆ ಆಡಿಟರ್. ಆ ಕೆಲಸ ಇನ್ನೂ ನಡೆಯುತ್ತಿದೆ.