ಸಹಾಯ ಬೇಕು: ಮಗಳ ಕಾಲುನೋವಿಗೆ ಕಾರಣ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ನನ್ನ ಮಗಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದಾಳೆ. ಕುಂಟೆಬಿಲ್ಲೆ ಆಡುವಾಗ ಬಲಪಾದ ಉಳುಕಿತ್ತು. ಊತ ಇಳಿದರೂ ನೋವು ಇಳಿದಿಲ್ಲ, ದಿನೇ ದಿನೇ ಹೆಚ್ಚುತ್ತಿದೆ. ಹೊದಿಕೆಯ ಅಂಚು ತಾಗಿದರೂ ಚೀರುತ್ತಾಳೆ. ಆ ಪಾದ ಇನ್ನೊಂದಕ್ಕಿಂತ ತಣ್ಣಗಿರುತ್ತದೆ, ಸಂಜೆಯ ವೇಳೆಗೆ ನೀಲಿಗಟ್ಟುತ್ತದೆ. ಎಕ್ಸ್‌ರೇ, ಎಂಆರ್‌ಐ, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿವೆ. ಅದಕ್ಕೇ ವೈದ್ಯರು ಈಗ "ಶಾಲೆಗೆ ಹೋಗಲು ಇಷ್ಟವಿಲ್ಲವೇನೋ, ಮನೆಗೆ ಕರೆದುಕೊಂಡು ಹೋಗಿ" ಎನ್ನುತ್ತಿದ್ದಾರೆ. ನನ್ನ ಮಗಳು ನಟಿಸುತ್ತಿಲ್ಲ.

ಸಣ್ಣ ಪೆಟ್ಟಿನ ನಂತರ ನರಗಳೇ ನೋವನ್ನು ಹಿಗ್ಗಿಸುವ ಸಿಆರ್‌ಪಿಎಸ್ ಎಂಬ ಸ್ಥಿತಿಯಿದೆ. ಅದು ಮಕ್ಕಳಿಗೂ ಬರುತ್ತದೆ, ಸ್ಕ್ಯಾನ್‌ನಲ್ಲಿ ಕಾಣಿಸದೆಯೂ ಇರಬಹುದು. ಫಿಸಿಯೋಥೆರಪಿಯೇ ಅದರ ಮುಖ್ಯ ಚಿಕಿತ್ಸೆ, ಕಾಲನ್ನು ಅಲುಗಾಡಿಸದೆ ಇಟ್ಟಷ್ಟೂ ತೊಂದರೆ ಹೆಚ್ಚು. ಇವಳಿಗೆ ಅದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಬಲ್ಲವರು ಒಮ್ಮೆ ಪರೀಕ್ಷಿಸಲಿ ಎಂಬುದಷ್ಟೇ ನನ್ನ ಬೇಡಿಕೆ.

ಪಾದದ ಬಣ್ಣ ಬದಲಾದಾಗಲೆಲ್ಲ ಫೋಟೋ ತೆಗೆದು ಸಮಯ ಬರೆದಿಡುತ್ತಿದ್ದೇನೆ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಗಳ ಪ್ರತಿ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮಾವಳಿಯಲ್ಲಿದೆ; ಅದನ್ನು ಉಲ್ಲೇಖಿಸಿ ಅರ್ಜಿಯನ್ನೂ ಕೊಟ್ಟಿದ್ದೇನೆ.

ಮಕ್ಕಳ ನೋವಿಗೆ ಚಿಕಿತ್ಸೆ ನೀಡುವ ತಜ್ಞರು ಮೈಸೂರು ಅಥವಾ ಬೆಂಗಳೂರಿನಲ್ಲಿ ಯಾರಿದ್ದಾರೆ? ಇಂಥ ಮಗುವನ್ನು ಸಂಭಾಳಿಸಿದ ತಂದೆತಾಯಂದಿರು ಯಾರಾದರೂ ಇದ್ದೀರಾ? ವೈದ್ಯರ ಮನಸ್ಸು ನೋಯಿಸದೆ ಎರಡನೇ ಅಭಿಪ್ರಾಯ ಕೇಳಿದ್ದು ಹೇಗೆ? ನಾಳೆ ಬೆಳಗಿನ ರೌಂಡ್ಸ್‌ಗೆ ಮುಂಚೆ ಉತ್ತರ ಸಿಕ್ಕರೆ ದೊಡ್ಡ ಉಪಕಾರವಾಗುತ್ತದೆ.