ರೀಲು ಕೊಳ್ಳೋದು, ತೊಳೆಯೋದು, ಸ್ಕ್ಯಾನ್ ಮಾಡೋದು: ಕತ್ತಲೆ ಕೋಣೆಯವರನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಇಪ್ಪತ್ತೆರಡು ವರ್ಷ ರೀಲು ತೊಳೆದು ಪ್ರಿಂಟ್ ಹಾಕಿದವನು ನಾನು. ಅಂಗಡಿ ಡಿಜಿಟಲ್‌ಗೆ ಹೋದ ಮೇಲೂ ಮನೆಯಲ್ಲಿ ರೀಲು ತೊಳೆಯೋ ಟ್ಯಾಂಕು, ಮೂಡಿದ ಚಿತ್ರವನ್ನ ಉಳಿಯೋ ಹಾಗೆ ಮಾಡೋ ಹೈಪೋ ದ್ರಾವಣ ಬಿಟ್ಟಿಲ್ಲ. ಈ ಭಾನುವಾರ ಪೂರ್ತಿ ಇಲ್ಲೇ ಇರ್ತೀನಿ, ಕೇಳಿ.

ಪ್ರಶ್ನೆ (ದಾವಣಗೆರೆ, ಕಾಲೇಜು ವಿದ್ಯಾರ್ಥಿ): ಸರ್, ಅಟ್ಟದ ಮೇಲೆ ತಾತನ ಆಗ್ಫಾ ಕ್ಲಿಕ್-3 ಕ್ಯಾಮೆರಾ ಸಿಕ್ತು. ಒಳಗೆ ಒಂದು ರೀಲು ಇದೆ ಅನ್ಸುತ್ತೆ, ಹಿಂದಿನ ಕೆಂಪು ಕಿಟಕಿಯಲ್ಲಿ 9 ಅಂತ ಕಾಣುತ್ತೆ. ಬಿಚ್ಚಿ ನೋಡಲಾ? ಇದಕ್ಕೆ ಈಗಲೂ ರೀಲು ಸಿಗುತ್ತಾ?

ಉತ್ತರ: ಬಿಚ್ಚಬೇಡಿ! ಒಂದು ಕ್ಷಣ ಬೆಳಕು ಬಿದ್ದರೂ ತಾತ ತೆಗೆದದ್ದು ಹೋಯ್ತು. ಆ ಕ್ಯಾಮೆರಾಗೆ ಹಾಕೋದು 120 ರೀಲು (ಬೆನ್ನಿಗೆ ಕಾಗದ ಇರೋ ಅಗಲದ ರೀಲು), ಒಂದು ರೀಲಿಗೆ 12 ಚೌಕ ಚಿತ್ರ. 9 ಕಾಣ್ತಿದೆ ಅಂದ್ರೆ ಎಂಟೋ ಒಂಬತ್ತೋ ತೆಗೆದು ನಿಲ್ಲಿಸಿದ್ದಾರೆ. ಮೇಲಿನ ಗುಂಡಿಯನ್ನ ನಿಧಾನಕ್ಕೆ ತಿರುಗಿಸ್ತಾ ಹೋಗಿ. ಹಳೇ ರೀಲು ಒಣಗಿರುತ್ತೆ, ಜೋರು ಮಾಡಿದ್ರೆ ಒಳಗೇ ಹರಿಯುತ್ತೆ. 12 ದಾಟಿ ಕಾಗದ ಮುಗಿದು ಗುಂಡಿ ಹಗುರ ಆದ ಮೇಲೆ ರಾತ್ರಿ ಹೊತ್ತು, ಮಬ್ಬು ಬೆಳಕಿನಲ್ಲಿ ಹಿಂಬದಿ ತೆಗೆದು, ಕಾಗದ ಬಿಗಿಯಾಗಿ ಹಿಡಿದು ಟೇಪು ಅಂಟಿಸಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ. ಆ ಕಾಗದದ ಮೇಲೆ ಏನು ಬರೆದಿದೆ ನೋಡಿ ನನಗೆ ಹೇಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಕಪ್ಪು ಬಿಳುಪು ಆಗಿದ್ರೆ ಆಸೆ ಇಟ್ಕೊಳ್ಳಿ. ಎಚ್‌ಸಿ-110 ಅನ್ನೋ ಡೆವಲಪರ್ (ಚಿತ್ರ ಮೂಡಿಸೋ ದ್ರಾವಣ) ಹಳೇ ರೀಲಿನ ಮಂಜನ್ನ, ಅಂದ್ರೆ ಚಿತ್ರದ ಮೇಲೆ ಕವಿಯೋ ಮಸುಕನ್ನ, ಉಳಿದವಕ್ಕಿಂತ ಕಡಿಮೆ ಏಳಿಸುತ್ತೆ. ಕಲರ್ ಆಗಿದ್ರೆ ಮಾಮೂಲಿ ಲ್ಯಾಬಿಗೆ ಕೊಡಬೇಡಿ. ಬಹಳ ಹಳೇ ಕಲರ್ ರೀಲನ್ನ ಇವತ್ತಿನ ಬಿಸಿ ದ್ರಾವಣಕ್ಕೆ ಹಾಕಿದ್ರೆ ಚಿತ್ರದ ಪದರವೇ ಕಿತ್ತು ಬರಬಹುದು. ಬಣ್ಣದ ಆಸೆ ಬಿಟ್ಟು ಅದನ್ನೂ ಕಪ್ಪು ಬಿಳುಪಾಗೇ ತೊಳೆಯೋದು ಒಳ್ಳೇದು.

ಹೊಸ 120 ರೀಲು ಈಗಲೂ ಬರುತ್ತೆ. ನಮ್ಮ ಬಿಸಿಲಿಗೆ 100 ಐಎಸ್‌ಒ (ರೀಲು ಬೆಳಕು ಹಿಡಿಯೋ ವೇಗದ ಅಂಕಿ) ಸಾಕು. ಆ ಕೆಂಪು ಕಿಟಕಿಯ ಮೇಲೆ ಮಾತ್ರ ಕಪ್ಪು ಟೇಪು ಹಾಕಿರಿ, ರೀಲು ಮುಂದಕ್ಕೆ ತಿರುಗಿಸುವಾಗಷ್ಟೇ ಎತ್ತಿ ನೋಡಿ. ಕೆಂಪು ಬೆಳಕೇ ಕಾಣದ ಹಳೇ ಕಾಲದ ರೀಲುಗಳಿಗೆ ಅಂತ ಬಂದ ಕಿಟಕಿ ಅದು. ಇವತ್ತಿನ ರೀಲಿಗೆ ಕೆಂಪೂ ಕಾಣುತ್ತೆ.

ಪ್ರಶ್ನೆ (ಬೆಂಗಳೂರು, ಸಾಫ್ಟ್‌ವೇರ್ ಕೆಲಸ): ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ1000 ತಗೊಂಡೆ. ಮೊದಲು ಯಾವ ರೀಲು ತಗೊಳ್ಳಲಿ ಸರ್? ರೇಟು ನೋಡಿ ಗಾಬರಿ ಆಯ್ತು. ಡೇಟ್ ಮುಗಿದ ರೀಲು, ಸಿನಿಮಾ ರೀಲು ಕತ್ತರಿಸಿ ತುಂಬಿದ್ದು, ಇವೆಲ್ಲ ಕಡಿಮೆಗೆ ಮಾರ್ತಿದಾರೆ.

ಉತ್ತರ: ಮೊದಲ ಐದು ರೀಲು ಕಪ್ಪು ಬಿಳುಪೇ ಇರಲಿ, ಮನೆಯಲ್ಲೇ ತೊಳೀಬಹುದು. ತಪ್ಪು ಎಲ್ಲಿ ಆಯ್ತು ಅಂತ ನಿಮ್ಮ ಕಣ್ಣಿಗೇ ಕಾಣುತ್ತೆ. ಇಲ್ಫರ್ಡ್ ಎಚ್‌ಪಿ5 ತಪ್ಪನ್ನ ಬಹಳ ಸಹಿಸ್ಕೊಳ್ಳುತ್ತೆ. ದುಡ್ಡು ಉಳಿಸಬೇಕು ಅಂದ್ರೆ ಅದೇ ಕಾರ್ಖಾನೆಯ ಕೆಂಟ್‌ಮಿಯರ್, ಇಲ್ಲಾ ಚೆಕ್ ದೇಶದ ಫೋಮಾಪ್ಯಾನ್. ಫೋಮಾಪ್ಯಾನ್ 400ಕ್ಕೆ ಪೆಟ್ಟಿಗೆ ಮೇಲೆ ಬರೆದಷ್ಟು ವೇಗ ಇಲ್ಲ. ಕ್ಯಾಮೆರಾದ ಬೆಳಕಿನ ಮೀಟರನ್ನ 200ಕ್ಕೆ ಇಟ್ಟು ತೆಗೀರಿ, ನೆರಳಿನಲ್ಲಿ ಮುಖ ಉಳಿಯುತ್ತೆ.

ರೇಟಿನ ಸಂಕಟ ನನಗೂ ಇದೆ. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಇತ್ತು, ಸರ್ಕಾರಿ ಕಾರ್ಖಾನೆ, 'ಇಂದು' ಅನ್ನೋ ಹೆಸರಲ್ಲಿ ರೀಲು, ಕಾಗದ, ಎಕ್ಸ್‌ರೇ ಹಾಳೆ ಎಲ್ಲಾ ಬರ್ತಿತ್ತು. ನಮ್ಮ ಸ್ಟುಡಿಯೋದ ಪಾಸ್‌ಪೋರ್ಟ್ ಫೋಟೋಗಳೆಲ್ಲ ಅದರ ಮೇಲೇ ನಡೆದವು. ಅದು ಮುಚ್ಚಿತು. ಈಗ ಇಂಗ್ಲೆಂಡ್, ಅಮೆರಿಕ, ಚೆಕ್ ದೇಶಗಳಿಂದ ಬರಬೇಕು. ಡಾಲರು ಏರಿದ್ರೆ ರೀಲಿನ ಬೆಲೆ ಏರುತ್ತೆ, ಮೇಲೆ ಸುಂಕ, ಜಿಎಸ್‌ಟಿ. ನಾಲ್ಕೈದು ಜನ ಸೇರಿ 100 ಅಡಿಯ ದೊಡ್ಡ ಸುರುಳಿ ಕೊಂಡ್ರೆ 36 ಚಿತ್ರದ ಹದಿನೆಂಟು ರೀಲು ತುಂಬಬಹುದು. ತುಂಬೋ ಡಬ್ಬಿ ಒಂದು ಬೇಕು, ಖಾಲಿ ಕ್ಯಾಸೆಟ್ ಲ್ಯಾಬಿನವರು ಕೇಳಿದ್ರೆ ಕೊಡ್ತಾರೆ.

ಡೇಟ್ ಮುಗಿದದ್ದನ್ನ ಫ್ರಿಜ್ಜಲ್ಲಿಟ್ಟಿದ್ರು ಅಂತ ಖಾತ್ರಿ ಇದ್ರೆ ಮಾತ್ರ ತಗೊಳ್ಳಿ. ಹತ್ತು ವರ್ಷಕ್ಕೆ ಒಂದು ಸ್ಟಾಪ್ (ಅಂದ್ರೆ ಎರಡರಷ್ಟು) ಜಾಸ್ತಿ ಬೆಳಕು ಕೊಡಿ ಅನ್ನೋದು ವಾಡಿಕೆ ಲೆಕ್ಕ. ಅಂಗಡಿಯ ಗಾಜಿನ ಬೀರುವಿನಲ್ಲಿ ಹತ್ತು ಬೇಸಿಗೆ ಬೆಂದ ರೀಲಿಗೆ ಆ ಲೆಕ್ಕ ಹತ್ತಲ್ಲ. ಕಲರ್ ಸಿನಿಮಾ ರೀಲಿನ ಬೆನ್ನಿಗೆ ಇತ್ತೀಚಿನವರೆಗೂ ಸಾಮಾನ್ಯವಾಗಿ ಇಂಗಾಲದ ಕಪ್ಪು ಲೇಪ ಇರ್ತಿತ್ತು, ಮಾರಾಟಕ್ಕೆ ಬರೋ ರೀಲಿನಲ್ಲಿ ಇನ್ನೂ ಇರಬಹುದು. ಅದನ್ನ ಹೇಳದೆ ಕಲರ್ ಲ್ಯಾಬಿಗೆ ಕೊಟ್ರೆ ಅವರ ಮಷೀನಿನ ದ್ರಾವಣ ಎಲ್ಲ ಕೆಡುತ್ತೆ, ಆ ದಿನ ಬಂದ ಬೇರೆಯವರ ರೀಲುಗಳೂ ಕೆಡುತ್ತವೆ. ಮಾರುವವರನ್ನ ಲೇಪ ತೆಗೆದಿದೆಯಾ ಅಂತ ಕೇಳಿ, ಲ್ಯಾಬಿಗೆ ಬಾಯಿಬಿಟ್ಟು ಹೇಳಿ.

ಪ್ರಶ್ನೆ (ಮಂಗಳೂರು, ಶಾಲಾ ಶಿಕ್ಷಕಿ): ಎಲ್ಲ ಕಡೆ ಡೆವಲಪರ್ 20 ಡಿಗ್ರಿ ಇರಬೇಕು ಅಂತಾರೆ. ನಮ್ಮ ನಲ್ಲಿ ನೀರೇ 29. ಜೊತೆಗೆ ಕತ್ತಲೆ ಚೀಲದಲ್ಲಿ ಕೈ ಬೆವತು ರೀಲು ಟ್ಯಾಂಕಿನೊಳಗಿನ ಸುರುಳಿಗೆ ಹೋಗೋದೇ ಇಲ್ಲ. ಎರಡು ರೀಲು ಹಾಳು ಮಾಡಿದೆ, ಬಿಟ್ಟುಬಿಡೋಣ ಅನ್ನಿಸಿದೆ.

ಉತ್ತರ: ಬಿಡಬೇಡಿ ಮೇಡಂ. 20 ಡಿಗ್ರಿ ಅನ್ನೋದು ಚಳಿ ದೇಶದವರು ಅವರ ಕೋಣೆಯ ತಾಪಕ್ಕೆ ಬರೆದ ಅಂಕಿ. ನಾವು ಮೈಸೂರಿನಲ್ಲಿ ವರ್ಷಪೂರ್ತಿ 24ಕ್ಕೆ ತೊಳೀತಿದ್ವಿ. ನೀವೂ 24 ಅಂತ ಗೊತ್ತು ಮಾಡ್ಕೊಳ್ಳಿ. ಹಿಂದಿನ ರಾತ್ರಿ ಮಡಕೆಯಲ್ಲಿ ನೀರು ತುಂಬಿಡಿ, ಒಂದಷ್ಟು ಇಳಿಯುತ್ತೆ. ಕರಾವಳಿಯ ತೇವದ ಗಾಳಿಯಲ್ಲಿ ಮಡಕೆ ನಮ್ಮಲ್ಲಿಯಷ್ಟು ತಂಪು ಮಾಡಲ್ಲ, ಗೊತ್ತು. ಉಳಿದದ್ದಕ್ಕೆ ಒಂದು ಟಬ್ಬಿನಲ್ಲಿ ನೀರು, ಅದರಲ್ಲಿ ಫ್ರೀಜರಿನಲ್ಲಿಟ್ಟ ಬಾಟಲು, ಅದರ ನಡುವೆ ನಿಮ್ಮ ಡೆವಲಪರ್, ಹೈಪೋ, ತೊಳೆಯೋ ನೀರು ಎಲ್ಲವೂ. ಎಲ್ಲಾ ಒಂದೇ ತಾಪದಲ್ಲಿರಬೇಕು ಅನ್ನೋದೇ ಇಲ್ಲಿ ಮುಖ್ಯ. ತಣ್ಣಗಿನ ಡೆವಲಪರಿನಿಂದ ತೆಗೆದು ಬಿಸಿ ನಲ್ಲಿಗೆ ಹಿಡಿದ್ರೆ ಪದರ ಸುಕ್ಕುಗಟ್ಟುತ್ತೆ. ಮಂಜುಗಡ್ಡೆಯನ್ನ ನೇರ ಡೆವಲಪರಿಗೆ ಹಾಕಬೇಡಿ, ತೆಳುವಾಗುತ್ತೆ.

ತಾಪ ಏರಿದಷ್ಟೂ ಸಮಯ ಇಳಿಸಬೇಕು. ಎಚ್‌ಪಿ5 ಅನ್ನು ಡಿ-76 ಅನ್ನೋ ಡೆವಲಪರಿನಲ್ಲಿ ಒಂದಕ್ಕೊಂದು ನೀರು ಬೆರೆಸಿ ತೊಳೆದ್ರೆ 20 ಡಿಗ್ರಿಗೆ 11 ನಿಮಿಷ, 24ಕ್ಕೆ ಏಳೂವರೆಯ ಸುತ್ತ. ನೀರು ಬೆರೆಸದೆ ಹಾಕಿದ್ರೆ 20ಕ್ಕೇ ಏಳೂವರೆ, 24ಕ್ಕೆ ಐದರ ಹತ್ತಿರ ಬಂದುಬಿಡುತ್ತೆ. ಐದು ನಿಮಿಷಕ್ಕಿಂತ ಕೆಳಗೆ ಹೋದ್ರೆ ಸುರಿಯುವಾಗಿನ ಏರುಪೇರು ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತೆ. ಹಾಗಾಗಿ ಸೆಕೆ ಊರಿನವರು ಯಾವಾಗಲೂ ನೀರು ಬೆರೆಸಿಯೇ ತೊಳೀರಿ. ಡೆವಲಪರೂ ಉಳಿಯುತ್ತೆ. ಬೆರೆಸಿದ್ದನ್ನ ಒಂದೇ ಸಲ ಬಳಸಿ ಚೆಲ್ಲಿ.

ಸುರುಳಿಯ ವಿಷಯ. ಪ್ಲಾಸ್ಟಿಕ್ ಸುರುಳಿಗೆ ಒಂದು ಹನಿ ತೇವ ಇದ್ರೂ ರೀಲು ಅಂಟಿ ನಿಲ್ಲುತ್ತೆ. ಹೇರ್ ಡ್ರೈಯರಿನಿಂದ ಬೆಚ್ಚಗೆ ಒಣಗಿಸಿ, ರೀಲಿನ ತುದಿಯ ಎರಡು ಮೂಲೆ ಸ್ವಲ್ಪ ಓರೆಯಾಗಿ ಕತ್ತರಿಸಿ. ಚೀಲಕ್ಕಿಂತ ರಾತ್ರಿ ಕರೆಂಟು ಆರಿಸಿದ ಮಲಗೋ ಕೋಣೆ ಒಳ್ಳೇದು, ಬಾಗಿಲ ಸಂದಿಗೆ ಚಾದರ ತುರುಕಿ. ಹತ್ತು ನಿಮಿಷ ಕೂತು ನಿಮ್ಮ ಕೈ ನಿಮಗೆ ಕಾಣಿಸದಿದ್ರೆ ಸಾಕು. ಹಾಳಾದ ಆ ಎರಡು ರೀಲಿದೆಯಲ್ಲ, ಅವನ್ನ ಇಟ್ಕೊಂಡು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ, ಇಪ್ಪತ್ತು ಸಲ ತುಂಬಿ. ನನಗೆ ಕಲಿಸಿದವರು ಹಾಗೇ ಒಂದು ವಾರ ಮಾಡಿಸಿದ್ರು, ಆಮೇಲೇ ಗಿರಾಕಿಯ ರೀಲು ಮುಟ್ಟೋಕೆ ಬಿಟ್ಟದ್ದು.

ಹೈಪೋ ಸರಿ ಇದೆಯಾ ಅಂತ ತಿಳಿಯೋಕೆ ಕತ್ತರಿಸಿದ ತುದಿಯ ತುಂಡನ್ನ ಅದರಲ್ಲಿ ಹಾಕಿ. ಎಷ್ಟು ಹೊತ್ತಿಗೆ ಪಾರದರ್ಶಕ ಆಗುತ್ತೋ ಅದರ ಎರಡರಷ್ಟು ಹೊತ್ತು ರೀಲನ್ನ ಹೈಪೋದಲ್ಲಿ ಇಡಿ. ಆಮೇಲೆ ಹೈಪೋ ಹೋಗೋ ಹಾಗೆ ನೀರಲ್ಲಿ ತೊಳೆಯೋಕೆ ನಲ್ಲಿ ಬಿಟ್ಟು ನಿಲ್ಲೋದು ಬೇಡ. ಟ್ಯಾಂಕಿಗೆ ನೀರು ತುಂಬಿ ಐದು ಸಲ ಬುಡಮೇಲು ಮಾಡಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಇದು ಇಲ್ಫರ್ಡ್‌ನವರೇ ಹೇಳಿಕೊಟ್ಟ ಕ್ರಮ. ಬೋರ್‌ವೆಲ್ ನೀರಿನವರು ಕೊನೆಯ ಅದ್ದು ಮಾತ್ರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿನಲ್ಲಿ ಮಾಡಿ, ಇಲ್ಲದಿದ್ರೆ ಒಣಗಿದಾಗ ಸುಣ್ಣದ ಚುಕ್ಕೆ ಕೂರುತ್ತೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತೆ. ತೋಟಕ್ಕೆ, ಬಾವಿ ಹತ್ತಿರ ಚೆಲ್ಲಬೇಡಿ. ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಕೊಡಿ.

ಪ್ರಶ್ನೆ (ಹುಬ್ಬಳ್ಳಿ): ಕಲರ್ ಮನ್ಯಾಗ ತೊಳಿಯಾಕ ಆಗ್ತದೇನ್ರಿ?

ಉತ್ತರ: ಆಗ್ತದೆ. ಕಲರ್ ನೆಗೆಟಿವ್ ತೊಳೆಯೋ ಕ್ರಮಕ್ಕೆ ಸಿ-41 ಅಂತಾರೆ, ಅದಕ್ಕೆ ಡೆವಲಪರ್ 37.8 ಡಿಗ್ರಿ, ಮೂರು ನಿಮಿಷ ಹದಿನೈದು ಸೆಕೆಂಡು. ಯಾವ ಕಂಪನಿಯ ಕಲರ್ ನೆಗೆಟಿವ್ ಆದ್ರೂ ಅದೇ ಸಮಯ. ಬಕೆಟ್ಟಿನಲ್ಲಿ ಬಿಸಿ ನೀರು, ನಂಬಿಕೆಯ ಥರ್ಮಾಮೀಟರ್ ಇದ್ರೆ ಸಾಕು. ಬೆರೆಸಿಟ್ಟ ಡೆವಲಪರ್ ಬೇಗ ಕೆಡುತ್ತೆ, ಅದಕ್ಕೇ ಏಳೆಂಟು ರೀಲು ಕೂಡಿದ ಮೇಲೆ ಬೆರೆಸಿ ಒಂದೇ ವಾರದಲ್ಲಿ ಮುಗಿಸಿರಿ. ತಿಂಗಳಿಗೆ ಒಂದು ರೀಲು ಅನ್ನೋರಿಗೆ ಲ್ಯಾಬೇ ಅಗ್ಗ.

ಪ್ರಶ್ನೆ (ಮ್ಯೂನಿಕ್): ರಜೆಗೆ ಊರಿಗೆ ಬರ್ತಿದೀನಿ. ವಿಮಾನ ನಿಲ್ದಾಣದ ಎಕ್ಸ್‌ರೇಗೆ ರೀಲು ಕೆಡುತ್ತಾ?

ಉತ್ತರ: ಕೆಳಗೆ ಕಳಿಸೋ ಲಗೇಜಿನಲ್ಲಿ ಖಂಡಿತಾ ಹಾಕಬೇಡಿ. ಕೈಚೀಲದ ಹಳೇ ಮಾದರಿ ಎಕ್ಸ್‌ರೇಯಲ್ಲಿ 400ರ ರೀಲು ಒಂದೆರಡು ಸಲ ಹೋದ್ರೆ ತೊಂದರೆ ಇಲ್ಲ. ಹೊಸ ಸಿಟಿ ಸ್ಕ್ಯಾನರಿನಲ್ಲಿ ಒಂದೇ ಸಲಕ್ಕೂ ಮಂಜು ಕವಿಯಬಹುದು. ರೀಲುಗಳನ್ನ ಪಾರದರ್ಶಕ ಕವರಿನಲ್ಲಿ ಹಾಕಿ ಕೈಯಲ್ಲಿ ಹಿಡಿದು, ಕೈಯಿಂದಲೇ ತಪಾಸಣೆ ಮಾಡಿ ಅಂತ ಕೇಳಿ. ಬೇಗ ಹೋಗಿ, ಸರತಿ ಚಿಕ್ಕದಿರುವಾಗ ಕೇಳಿದ್ರೆ ಒಪ್ಪೋ ಸಂಭವ ಜಾಸ್ತಿ.

ಪ್ರಶ್ನೆ (ಮಂಡ್ಯ, ಮದುವೆ ಫೋಟೋಗ್ರಾಫರ್): ಅಣ್ಣಾ, ಲ್ಯಾಬಿನವರು ಸ್ಕ್ಯಾನ್ ಅಂತ ಸಣ್ಣ ಫೈಲು ವಾಟ್ಸ್ಆ್ಯಪ್ ಮಾಡ್ತಾರೆ, ಪ್ರಿಂಟ್ ಹಾಕಿದ್ರೆ ಒಡೆಯುತ್ತೆ. ನಾನೇ ಸ್ಕ್ಯಾನರ್ ತಗೊಳ್ಳಲಾ?

ಉತ್ತರ: ತಮ್ಮಾ, ಉಂಗುರ ತಾಳಿ ತೆಗೆಯೋಕೆ ಮ್ಯಾಕ್ರೋ ಲೆನ್ಸ್ ಇಟ್ಟಿರ್ತೀಯಲ್ಲ, ಅದೇ ನಿನ್ನ ಸ್ಕ್ಯಾನರು. 35 ಎಂಎಂ ನೆಗೆಟಿವ್ ಅಂದ್ರೆ 36ಕ್ಕೆ 24 ಮಿಲಿಮೀಟರು. 3000 ಡಿಪಿಐಗೆ (ಇಂಚಿಗೆ 3000 ಚುಕ್ಕೆ) ಹಿಡಿದ್ರೆ ಸುಮಾರು 12 ಮೆಗಾಪಿಕ್ಸೆಲ್, ಅಂದ್ರೆ 14 ಇಂಚಿನ ಪ್ರಿಂಟು ಒಡೆಯದೆ ಬರುತ್ತೆ. ಪೆಟ್ಟಿಗೆ ಮೇಲೆ 6400 ಅಂತ ಬರೆದ ಫ್ಲಾಟ್‌ಬೆಡ್ (ಗಾಜಿನ ಮೇಲಿಟ್ಟು ಹಿಡಿಯೋ) ಸ್ಕ್ಯಾನರುಗಳಲ್ಲಿ ನಿಜವಾಗಿ ಸಿಗೋ ವಿವರ ಅದರ ಕಾಲು ಭಾಗದ ಆಸುಪಾಸು. 120 ರೀಲಿಗೆ ಅದು ಸಾಕು, 35ಕ್ಕೆ ಸಾಲದು. ನಿನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಅದನ್ನ ಸುಲಭವಾಗಿ ಮೀರಿಸುತ್ತೆ.

ಸಿಆರ್‌ಐ (ಬೆಳಕು ಬಣ್ಣಗಳನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕಿ) 95ಕ್ಕಿಂತ ಮೇಲಿರೋ ಎಲ್‌ಇಡಿ ಪ್ಯಾನೆಲ್ ತಗೋ, ಅಗ್ಗದ್ದರಲ್ಲಿ ಚರ್ಮದ ಬಣ್ಣ ಸತ್ತುಹೋಗುತ್ತೆ. ನೆಗೆಟಿವ್ ಸುತ್ತ ಕಪ್ಪು ಕಾಗದ ಕತ್ತರಿಸಿ ಮುಚ್ಚು, ಕೋಣೆಯ ದೀಪ ಆರಿಸು, ಎಫ್ 8ರಲ್ಲಿ ಟೈಮರ್ ಹಾಕಿ ತೆಗಿ. ಕ್ಯಾಮೆರಾ ನೇರ ಇದೆಯಾ ಅಂತ ನೋಡೋಕೆ ನೆಗೆಟಿವ್ ಜಾಗದಲ್ಲಿ ಪುಟ್ಟ ಕನ್ನಡಿ ಇಡು. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಮಧ್ಯಕ್ಕೆ ಬಂದ್ರೆ ನೇರ. ಧೂಳಿಗೆ ಮಾತ್ರ ಊದುಗೊಳವೆ, ತಾಳ್ಮೆ ಬೇಕು. ಸ್ಕ್ಯಾನರುಗಳಲ್ಲಿ ಬರೋ ಇನ್‌ಫ್ರಾರೆಡ್ ಧೂಳು ತೆಗೆಯೋ ಸೌಲಭ್ಯ ಕಲರಿಗೆ ಚೆನ್ನ. ಮಾಮೂಲಿ ಕಪ್ಪು ಬಿಳುಪಿಗೆ ನಡೆಯಲ್ಲ, ಬೆಳ್ಳಿ ಕಣಗಳನ್ನೇ ಧೂಳು ಅಂದ್ಕೊಂಡು ಒರೆಸುತ್ತೆ.

ಅವರದೇ ಮರುಪ್ರಶ್ನೆ: ಸ್ಕ್ಯಾನ್ ಆದ ಮೇಲೆ ನೆಗೆಟಿವ್ ಇಟ್ಕೋಬೇಕಾ? ಲ್ಯಾಬಲ್ಲೇ ಬಿಡ್ತಿದ್ದೆ.

ಉತ್ತರ: ಇವತ್ತು ಎಲ್ಲಾ ಉತ್ತರ ಮರೆತ್ರೂ ಇದೊಂದು ಮರೀಬೇಡ. ನೀನು ತೆಗೆದ ಫೋಟೋ ಅಂದ್ರೆ ಆ ನೆಗೆಟಿವ್. ಸ್ಕ್ಯಾನು ಅದರ ಒಂದು ನಕಲು, ಮುಂದೆ ಇನ್ನೂ ಒಳ್ಳೇ ನಕಲು ತೆಗೀಬಹುದು. ನಾನು ಕೆಲಸ ಮಾಡ್ತಿದ್ದ ಅಂಗಡಿ ಜಾಗ ಖಾಲಿ ಮಾಡುವಾಗ ಹಳೇ ನೆಗೆಟಿವ್ ಮೂಟೆಗಳನ್ನ ಬೆಳ್ಳಿಯ ಆಸೆಗೆ ಕೆಜಿ ಲೆಕ್ಕದಲ್ಲಿ ಹಾಕಿಬಿಟ್ರು. ಮೂರು ತಿಂಗಳಾದ ಮೇಲೆ ನಂಜನಗೂಡಿನಿಂದ ಒಬ್ಬ ಹೆಣ್ಣುಮಗಳು ಬಂದ್ರು. ಅಪ್ಪ ತೀರಿಕೊಂಡಿದ್ರು, ಮನೆಯ ಪ್ರಿಂಟು ಮಳೆಯಲ್ಲಿ ನೆಂದು ಗಾಜಿಗೆ ಅಂಟಿತ್ತು. ನಂಬರು ಬರೆದ ಹಳೇ ರಸೀದಿ ತಂದಿದ್ರು. ಆ ನಂಬರಿನ ಕವರು ನಾನೇ ಬರೆದು ಜೋಡಿಸಿದ್ದು. ಇಲ್ಲ ಅಂತ ಹೇಳಬೇಕಾಯ್ತು. ಅವತ್ತಿನಿಂದ ಯಾರ ರೀಲು ತೊಳೆದ್ರೂ ನೆಗೆಟಿವ್ ಕೈಗೆ ಕೊಟ್ಟೇ ಕಳಿಸ್ತೀನಿ.

ಲ್ಯಾಬಿಗೆ ಕೊಡುವಾಗಲೇ ಆರಾರು ಚಿತ್ರಕ್ಕೆ ಕತ್ತರಿಸಿ ಕವರಿಗೆ ಹಾಕಿ ವಾಪಸ್ ಬೇಕು ಅಂತ ಚೀಟಿ ಮೇಲೆ ಬರೆಸು. ಗಿರಾಕಿ ಹೆಸರು, ತಾರೀಖು ಬರೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಆಡದ ಡಬ್ಬಿಯಲ್ಲಿಡು.

ದಾವಣಗೆರೆ ವಿದ್ಯಾರ್ಥಿ (ಸಂಜೆ): ಸರ್, ಕೊನೆವರೆಗೂ ತಿರುಗಿಸಿ ತೆಗೆದೆ, ಹರಿಯಲಿಲ್ಲ. ಕಾಗದದ ಮೇಲೆ ನೀವು ಹೇಳಿದ 'ಇಂದು' ಹೆಸರೇ ಇದೆ, 120 ಅಂತ ಇದೆ, ಕಲರ್ ಅಂತ ಎಲ್ಲೂ ಇಲ್ಲ.

ಉತ್ತರ: ಹಾಗಾದ್ರೆ ನಮ್ಮ ಊಟಿಯ ಕಪ್ಪು ಬಿಳುಪು ರೀಲು! ಬಹಳ ಸಂತೋಷ ಆಯ್ತು. ಕೊರಿಯರ್ ಮಾಡಬೇಡಿ, ಬಿಸಿಲಲ್ಲಿ ಎಲ್ಲೆಲ್ಲಿ ಬಿದ್ದಿರುತ್ತೋ. ಹಾಳೆ ಸುತ್ತಿದ ಹಾಗೇ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಮೈಸೂರಿಗೆ ಬನ್ನಿ, ಬರೋ ಭಾನುವಾರ ಬೆಳಿಗ್ಗೆ ಎಚ್‌ಸಿ-110 ಬೆರೆಸಿಟ್ಟಿರ್ತೀನಿ. ದುಡ್ಡು ಬೇಡ. ಟ್ಯಾಂಕು ಬುಡಮೇಲು ಮಾಡೋದು ಮಾತ್ರ ನೀವೇ ಮಾಡಬೇಕು, ಅದು ನಿಮ್ಮ ತಾತನ ರೀಲು.