ಡಿಜೆ ಮಿಕ್ಸ್ ಆಲ್ಬಂನಿಂದ ಹೊಸ ಸಂಗೀತ ಹುಡುಕೋದು ಹೇಗೆ? ರ‍್ಯಾಪ್‌ಗೂ ಒಂದು ದಾರಿ ಹೇಳಿ

ಮಂದ್ರ_ಷಡ್ಜ:
ಆ್ಯಪ್ ಕೊಡೋ ಶಿಫಾರಸು ಎಲ್ಲಿಂದ ಶುರುವಾದರೂ ಅದೇ ಮೂವತ್ತು ಹಾಡಿಗೆ ಬಂದು ನಿಲ್ಲುತ್ತೆ. ಅದಕ್ಕೇ ಮಿಕ್ಸ್ ಆಲ್ಬಂ ಕಡೆ, ಅಂದ್ರೆ ಡಿಜೆ ಬೇರೆ ಬೇರೆಯವರ ಹಾಡುಗಳನ್ನ ನಿಲ್ಲದಂತೆ ಒಂದಕ್ಕೊಂದು ಬೆಸೆದ ಆಲ್ಬಂ ಕಡೆ ಹೊರಳಿದ್ದು. ಸದ್ಯಕ್ಕೆ ಕೇಳ್ತಿರೋದು ಕ್ರೂಡರ್ ಮತ್ತು ಡಾರ್ಫ್‌ಮೈಸ್ಟರ್ ಮಾಡಿದ ಡಿಜೆ-ಕಿಕ್ಸ್ (1996). ಮೂರು ಪ್ರಶ್ನೆ. ಒಂದು, ಮಿಕ್ಸ್ ಓಡ್ತಿರುವಾಗ ಶಜಾಮ್ (ಓಡ್ತಿರೋ ಹಾಡಿನ ಹೆಸರು ಹೇಳೋ ಆ್ಯಪ್) ಹಾಕಿದ್ರೆ ಅರ್ಧಕ್ಕರ್ಧ ಹಾಡು ಸಿಗಲ್ಲ, ಯಾಕೆ? ಎರಡು, ಇಷ್ಟವಾದ ಹಾಡು ಸಿಕ್ಕ ಮೇಲೆ ಮುಂದಕ್ಕೆ ಹೇಗೆ ಹೋಗೋದು? ಮೂರು, ರ‍್ಯಾಪ್ ಕೇಳಬೇಕು ಅಂದ್ರೆ ಎಲ್ಲರೂ ನೂರು ಆಲ್ಬಂ ಪಟ್ಟಿ ಕೊಡ್ತಾರೆ. ನೂರು ಬೇಡ, ಒಂದೇ ಒಂದು ಹೇಳಿ, ಅಲ್ಲಿಂದ ದಾರಿ ತೋರಿಸಿ.

ತಿರುಗಣೆ_33:
ಮೊದಲು ಶಜಾಮ್ ವಿಷಯ. ಡಿಜೆ ಎರಡು ಹಾಡಿನ ಲಯ ಕೂಡಿಸೋಕೆ ವೇಗ ಬದಲಾಯಿಸ್ತಾನೆ. ಟೆಕ್ನಿಕ್ಸ್ 1200 ಟರ್ನ್‌ಟೇಬಲ್‌ನಲ್ಲಿ ಪಿಚ್ ಸ್ಲೈಡರ್ (ವೇಗ ಬದಲಿಸೋ ಪಟ್ಟಿ) ಮೇಲೆ ಕೆಳಗೆ ಶೇ. 8ರವರೆಗೆ ಹೋಗುತ್ತೆ. ನಿಮಿಷಕ್ಕೆ 120 ಬೀಟ್ ಇರೋ ಹಾಡನ್ನ ಶೇ. 3 ಏರಿಸಿದ್ರೆ 123.6. ವಿನೈಲ್‌ನಲ್ಲಿ ವೇಗದ ಜೊತೆ ಶ್ರುತಿಯೂ ಏರುತ್ತೆ, ಶೇ. 6ಕ್ಕೆ ಹತ್ತಿರತ್ತಿರ ಅರ್ಧ ಸ್ವರದಷ್ಟು (ಸೆಮಿಟೋನ್). ಸ್ವಲ್ಪ ವ್ಯತ್ಯಾಸ ಆದ್ರೆ ಶಜಾಮ್ ತಡ್ಕೊಳ್ಳುತ್ತೆ, ಜಾಸ್ತಿ ಆದ್ರೆ ಕೈ ಎತ್ತುತ್ತೆ. ಅದರ ಮೇಲೆ, ಹಾಡು ಬದಲಾಗೋ ಜಾಗದಲ್ಲಿ ಎರಡೆರಡು ಹಾಡು ಒಟ್ಟಿಗೆ ಓಡ್ತಿರುತ್ತೆ.

ಹಾಗಾಗಿ ಹಾಡಿನ ನಡುಭಾಗದಲ್ಲಿ, ಒಂದೇ ಹಾಡು ಓಡೋ ಹೊತ್ತಲ್ಲಿ ಹಿಡೀರಿ. ಹೊಸ ಡ್ರಮ್ ಬಂದು ಹಳೇ ಬೇಸ್ ಪೂರ್ತಿ ಹೋದ ಮೇಲೆ ಒಂದು ನಿಮಿಷ ಬಿಟ್ಟು ಒತ್ತಿ. ಆಗಲೂ ಸಿಗದಿದ್ರೆ ಆ ಮೂವತ್ತು ಸೆಕೆಂಡ್ ಕತ್ತರಿಸಿ ಆಡಾಸಿಟಿಗೆ (ಆಡಿಯೋ ಎಡಿಟ್ ಮಾಡೋ ಸಾಫ್ಟ್‌ವೇರ್) ಹಾಕಿ, ಸ್ಪೀಡ್ ಬದಲಿಸೋ ಆಯ್ಕೇಲಿ ಶೇ. 3, ಆಮೇಲೆ ಶೇ. 6 ಇಳಿಸಿ ನೋಡಿ. ಟೆಂಪೋ ಒಂದನ್ನೇ ಬದಲಿಸೋ ಆಯ್ಕೆ ಬೇರೆ ಇದೆ, ಅದು ಶ್ರುತಿ ಮುಟ್ಟಲ್ಲ. ವಿನೈಲ್ ಮಿಕ್ಸ್‌ಗೆ ಅದು ಉಪಯೋಗಕ್ಕೆ ಬರಲ್ಲ.

ಇಷ್ಟೆಲ್ಲ ಒದ್ದಾಟ ಪಟ್ಟಿ ಇಲ್ಲದ ರೇಡಿಯೋ ಮಿಕ್ಸ್‌ಗಳಿಗೆ ಮಾತ್ರ. ನೀವು ಹೇಳಿರೋದು ಲೈಸೆನ್ಸ್ ತಗೊಂಡು ಬಂದ ಆಲ್ಬಂ, ರೆಕಾರ್ಡುಗಳ ವಿವರ ಇಡೋ ಡಿಸ್ಕಾಗ್ಸ್ ವೆಬ್‌ಸೈಟ್‌ನಲ್ಲಿ ಪೂರ್ತಿ ಪಟ್ಟಿ ಇದೆ. ಮೊದಲು ಅಲ್ಲಿ ನೋಡಿ ಸ್ವಾಮಿ!

ಕ್ಯಾಸೆಟ್_ಬಿ_ಸೈಡ್:
ಎರಡನೇ ಪ್ರಶ್ನೆಗೆ. ಮಿಕ್ಸ್ ಆಲ್ಬಂ ಅಂದ್ರೆ ಒಂದು ಸಿಡಿಯಲ್ಲಿ ಹೆಚ್ಚಂದ್ರೆ 80 ನಿಮಿಷ, ಹದಿನೈದರಿಂದ ಇಪ್ಪತ್ತೈದು ಹಾಡು. ಎಲ್ಲದರ ಬೆನ್ನು ಹತ್ತಬೇಡಿ. ಮೂರೇ ಮೂರು ಆರಿಸ್ಕೊಳ್ಳಿ. ಕಲಾವಿದನ ಹೆಸರಿಗಿಂತ ಹಾಡು ಯಾವ ಲೇಬಲ್‌ನಲ್ಲಿ (ರೆಕಾರ್ಡ್ ಕಂಪನಿ) ಬಂತು ಅನ್ನೋದನ್ನ ಬರೆದಿಟ್ಕೊಳ್ಳಿ. ಈ ಸಂಗೀತದಲ್ಲಿ ರುಚಿ ಇರೋದು ಲೇಬಲ್ ಹತ್ತಿರ.

ನಿಮ್ಮ ಆಲ್ಬಮ್ಮನ್ನೇ ತಗೊಳ್ಳೋಣ. ಅದರಲ್ಲಿ ಹರ್ಬಲೈಸರ್ ಅನ್ನೋ ತಂಡದ ಹಾಡಿದೆ. ಆಗ ಅವರ ಲೇಬಲ್ ಲಂಡನ್ನಿನ ನಿಂಜಾ ಟ್ಯೂನ್. ಅದನ್ನ 1990ರಲ್ಲಿ ಶುರು ಮಾಡಿದ್ದು ಕೋಲ್ಡ್‌ಕಟ್ ಜೋಡಿ. ಅದೇ ಜೋಡಿ 1995ರಲ್ಲಿ ‘70 ಮಿನಿಟ್ಸ್ ಆಫ್ ಮ್ಯಾಡ್‌ನೆಸ್’ ಅನ್ನೋ ಮಿಕ್ಸ್ ಆಲ್ಬಂ ಮಾಡಿದೆ. ಅಂದ್ರೆ ಒಂದು ಮಿಕ್ಸ್‌ನಿಂದ ಹೊರಟು ಮೂರನೇ ಹೆಜ್ಜೆಗೆ ಇನ್ನೊಂದು ಮಿಕ್ಸ್ ಕೈಗೆ ಬಂತು. ಇನ್ನೊಂದು ಕವಲು: ಹರ್ಬಲೈಸರ್‌ನ 1999ರ ಆಲ್ಬಂನಲ್ಲಿ ರೂಟ್ಸ್ ಮನೂವಾ ರ‍್ಯಾಪ್ ಮಾಡಿದ್ದಾನೆ. ಅವನ ಆಲ್ಬಂಗಳು ಬಂದಿದ್ದು ಬಿಗ್ ದಾದಾ ಲೇಬಲ್‌ನಲ್ಲಿ, ಅದು ನಿಂಜಾ ಟ್ಯೂನ್‌ನ ಮರಿ. ನಿಮ್ಮ ಮೂರನೇ ಪ್ರಶ್ನೆಗೂ ಇಲ್ಲೇ ಒಂದು ಬಾಗಿಲಿದೆ, ಲಂಡನ್ ರ‍್ಯಾಪ್‌ನ ಬಾಗಿಲು.

ಎಲ್ಲರೂ ಎಡವೋ ಜಾಗ ಒಂದಿದೆ. ಆ್ಯಪ್‌ನಲ್ಲಿ ಮಿಕ್ಸ್‌ನಿಂದಲೇ ಹಾಡನ್ನ ಪ್ಲೇಲಿಸ್ಟ್‌ಗೆ ಹಾಕ್ಕೋತಾರೆ. ಹೆಸರಿನ ಪಕ್ಕ ‘ಮಿಕ್ಸ್ಡ್’ ಅಂತಿದ್ರೆ ಅದು ತುಂಡು. ಹಿಂದಿನ ಹಾಡಿನ ಬಾಲದಿಂದ ಶುರುವಾಗಿ ಮುಂದಿನದು ಏಳೋ ಹೊತ್ತಿಗೆ ಕಟ್ ಆಗುತ್ತೆ. ಬೇರೆ ಹಾಡಿನ ಮಧ್ಯೆ ಇಟ್ಟರೆ ಅಸಹ್ಯ. ಅವಧಿ ನೋಡಿ. ಮಿಕ್ಸ್‌ನಲ್ಲಿ ಮೂರೂವರೆ ನಿಮಿಷ ಇದ್ದದ್ದು ಮೂಲದಲ್ಲಿ ಆರೂವರೆ ಇರಬಹುದು. ಡಿಜೆಗಳು ನುಡಿಸೋದು 12 ಇಂಚಿನ ರೆಕಾರ್ಡಿನ ಉದ್ದನೆಯ ರೂಪವನ್ನ, ರೇಡಿಯೋಗೆ ಅಂತ ಚಿಕ್ಕದು ಮಾಡಿದ ರೇಡಿಯೋ ಎಡಿಟ್ ಅಲ್ಲ. ಹುಡುಕುವಾಗ ಆ ಉದ್ದದ್ದನ್ನೇ ಹುಡುಕಿ.

ಲಂಡನ್ನಿನ ಫ್ಯಾಬ್ರಿಕ್ ಕ್ಲಬ್ 2001ರಿಂದ 2018ರವರೆಗೆ ಫ್ಯಾಬ್ರಿಕ್, ಫ್ಯಾಬ್ರಿಕ್‌ಲೈವ್ ಅಂತ ಎರಡು ಸಾಲಿನಲ್ಲಿ ತಲಾ ನೂರು ಮಿಕ್ಸ್ ತಂದಿದೆ. ಫ್ಯಾಬ್ರಿಕ್ ಸಾಲು ಹೆಚ್ಚಾಗಿ ಹೌಸ್, ಟೆಕ್ನೋ. ಹಿಪ್ ಹಾಪ್, ಡ್ರಮ್ ಆಂಡ್ ಬೇಸ್ ಬೇಕಿದ್ರೆ ಲೈವ್ ಸಾಲು.

ಪ್ರಾಸಪ್ರಿಯ:
ರ‍್ಯಾಪ್‌ಗೆ ಒಂದೇ ಆಲ್ಬಂ ಅಂದ್ರೆ ನಾಸ್‌ನ ಇಲ್‌ಮ್ಯಾಟಿಕ್ (1994). ಹತ್ತು ಟ್ರ್ಯಾಕ್, ನಲವತ್ತು ನಿಮಿಷ ಅಷ್ಟೇ. ಇದನ್ನೇ ಹೇಳೋಕೆ ಕಾರಣ, ಬೀಟ್ (ಮಾತಿನ ಹಿಂದೆ ಓಡೋ ಸಂಗೀತ) ಮಾಡಿದವರು ಐದು ಜನ, ಐದು ದಾರಿ ಒಂದೇ ಕಡೆ ಸಿಗುತ್ತೆ. ಟ್ರ್ಯಾಕ್ ನಂಬರ್ 2, 6, 9 ಡಿಜೆ ಪ್ರೀಮಿಯರ್‌ದು. 5, 8, 10 ಲಾರ್ಜ್ ಪ್ರೊಫೆಸರ್‌ದು. 4 ಪೀಟ್ ರಾಕ್, 7 ಕ್ಯೂ-ಟಿಪ್, 3 ಎಲ್.ಇ.ಎಸ್. ಮೊದಲನೇದು ಪೀಠಿಕೆ.

ಸಾಹಿತ್ಯ ನೋಡದೆ ಎರಡು ಸಲ ಕೇಳಿ. ಮೂರನೇ ಸಲಕ್ಕೆ ಯಾವ ನಂಬರುಗಳು ಕಿವೀಲಿ ಉಳಿದ್ವು ಅಂತ ನೋಡಿ, ಆ ಬೀಟ್‌ನವನ ಹಿಂದೆ ಹೋಗಿ. 2, 9 ಹಿಡಿಸಿದ್ರೆ ಪ್ರೀಮಿಯರ್‌ನ ತಂಡ ಗ್ಯಾಂಗ್ ಸ್ಟಾರ್, ಜತೆಗೆ ಜೆರೂ ದ ಡಮಾಜಾ. 4ಕ್ಕೆ ಪೀಟ್ ರಾಕ್ ಮತ್ತು ಸಿ.ಎಲ್. ಸ್ಮೂತ್. ಅದರ ಪಿಯಾನೋ ಬಂದಿರೋದು ಅಹ್ಮದ್ ಜಮಾಲ್‌ನ ಜಾಝ್ ರೆಕಾರ್ಡಿನಿಂದ. 7 ಆದ್ರೆ ಕ್ಯೂ-ಟಿಪ್‌ನ ತಂಡ, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ 1991ರ ಆಲ್ಬಂ. ಅದರಲ್ಲಿ ಒಂದು ಹಾಡಿಗೆ ಮೈಲ್ಸ್ ಡೇವಿಸ್ ಜೊತೆ ನುಡಿಸ್ತಿದ್ದ ರಾನ್ ಕಾರ್ಟರ್ ಖುದ್ದಾಗಿ ಬೇಸ್ ನುಡಿಸಿದ್ದಾರೆ. ಬೀಟ್‌ನಲ್ಲಿ ಬಳಸಿದ ಯಾವ ತುಣುಕು ಯಾವ ಹಳೇ ರೆಕಾರ್ಡಿಂದ ಬಂತು ಅನ್ನೋಕೆ ಹೂಸ್ಯಾಂಪಲ್ಡ್ ವೆಬ್‌ಸೈಟ್ ನೋಡಿ.

ಪ್ರಾಸವನ್ನ ಸಾಲಿನ ಕೊನೇಲಿ ಮಾತ್ರ ಹುಡುಕಬೇಡಿ. ನಮ್ಮ ಹಳೇ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂತಿರಲ್ವಾ, ಇಲ್ಲಿ ಸಾಲಿನ ಹೊಟ್ಟೇಲೂ ಇರುತ್ತೆ.

ಗಾಂಧಿಬಜಾರ್_ಬೇಸ್:
ಇಲ್‌ಮ್ಯಾಟಿಕ್ ಒಳ್ಳೇದೇ, ಆದ್ರೆ ಇವರಿಗೆ ಅಲ್ಲ. ಮಿಕ್ಸ್ ಕೇಳಿ ಬಂದವರ ಕಿವಿ ಬೀಟ್ ಮೇಲಿರುತ್ತೆ, ಮಾತಿನ ಮೇಲಲ್ಲ. ಬೀಟ್ ಮಾಡೋ ಮ್ಯಾಡ್‌ಲಿಬ್ ಮತ್ತು ರ‍್ಯಾಪರ್ ಎಂಎಫ್ ಡೂಮ್ ಸೇರಿ ಮಾಡಿದ ಮ್ಯಾಡ್‌ವಿಲನಿ (2004) ಹಾಕ್ಲಿ. 22 ತುಣುಕು, ಬಹುಪಾಲು ಮೂರು ನಿಮಿಷದ ಒಳಗೆ, ಒಂದರ ಬೆನ್ನಿಗೊಂದು ಮಿಕ್ಸ್ ಥರಾನೇ ಓಡುತ್ತೆ. ಅದೇ ಮ್ಯಾಡ್‌ಲಿಬ್ 2007ರಲ್ಲಿ ನಮ್ಮ ದೇಶದ ಸಿನಿಮಾ ರೆಕಾರ್ಡುಗಳನ್ನೇ ಕತ್ತರಿಸಿ ಒಂದು ಬೀಟ್ ಆಲ್ಬಂ ಮಾಡಿದ್ದಾನೆ, ಪಲ್ಲವಿ ಗುರುತು ಸಿಕ್ಕಾಗ ಮಜಾ ಇರುತ್ತೆ.

ಪ್ರಾಸಪ್ರಿಯ:
ಒಪ್ಪಲ್ಲ ಗುರೂ. ಡೂಮ್‌ಗೆ ಪಲ್ಲವಿ ಅನ್ನೋದೇ ಅಪರೂಪ. ಹೊಸಬರು ಎಲ್ಲಿ ಹಿಡ್ಕೋಬೇಕು? ಎರಡನೇದಾಗಿ ಕೇಳ್ಲಿ ಬೇಕಾದ್ರೆ.

ಮಂದ್ರ_ಷಡ್ಜ:
ಎರಡೂ ಕೇಳ್ತೀನಿ, ಜಗಳ ಬೇಡ. ಇನ್ನೊಂದು: ಮಿಕ್ಸ್ ಕೇಳುವಾಗ ಹಾಡು ಬದಲಾಗೋ ಕಡೆ ಚಿಕ್ಕದಾಗಿ ತಡವರಿಸುತ್ತೆ. ಫೋನ್ ತೊಂದರೆನಾ?

ತಿರುಗಣೆ_33:
ಮೊದಲು ಸೆಟಿಂಗ್ಸ್ ನೋಡಿ. ಸ್ಪಾಟಿಫೈ ಆದ್ರೆ ಪ್ಲೇಬ್ಯಾಕ್‌ನಲ್ಲಿ ಗ್ಯಾಪ್‌ಲೆಸ್ ಆನ್, ಕ್ರಾಸ್‌ಫೇಡ್ 0, ಆಟೋಮಿಕ್ಸ್ ಆಫ್. ಶಫಲ್ ಅಂತೂ ಮುಟ್ಟಲೇಬೇಡಿ. ನಿಮ್ಮ ಹತ್ತಿರ ಇರೋದು ಎಂಪಿ3 ಫೈಲ್ ಆದ್ರೆ ದೋಷ ಫೈಲಿಂದೇ ಇರಬಹುದು. ಎಂಪಿ3 ಮಾಡುವಾಗ ಪ್ರತಿ ಟ್ರ್ಯಾಕಿನ ತುದಿಗಳಲ್ಲಿ ಕೆಲವು ಮಿಲಿಸೆಕೆಂಡ್ ಮೌನ ಸೇರ್ಕೊಳ್ಳುತ್ತೆ, ಅದನ್ನ ಕತ್ತರಿಸೋಕೆ ಬರದ ಪ್ಲೇಯರ್‌ನಲ್ಲಿ ಮುಗ್ಗರಿಸುತ್ತೆ. ಸಿಡಿ ಇದ್ರೆ ಫ್ಲ್ಯಾಕ್‌ನಲ್ಲಿ (ಗುಣಮಟ್ಟ ಕಳೆಯದ ಫೈಲ್ ರೂಪ) ಕಂಪ್ಯೂಟರಿಗೆ ರಿಪ್ ಮಾಡಿ, ಇಲ್ಲಾಂದ್ರೆ ಇಡೀ ಸಿಡಿಯನ್ನ ಒಂದೇ ಫೈಲಾಗಿ ತೆಗೀರಿ. ಹಾಡು ಹುಡುಕೋಕೆ ಕ್ಯೂ ಶೀಟ್ (ಯಾವ ಹಾಡು ಎಲ್ಲಿ ಶುರು ಅಂತ ಬರೆದಿರೋ ಚಿಕ್ಕ ಫೈಲ್) ಸಾಕು.